ಮರಳಿನ ಮನೆಗೆ ಒಡೆಯರಾರು?

ಬೀದಿಯಲ್ಲಿ ಯಾರಾದರೂ ಹೊಸದಾಗಿ ಮನೆ ಕಟ್ಟಿಸಲು ಮೊದಲುಮಾಡಿದರೆ, ಮನೆಯ ಯಜಮಾನನಿಗಿಂತಲೂ ಹೆಚ್ಚಾಗಿ ಸಂತೋಷಪಡುವವರು ನೆರೆಹೊರೆಯ ಮಕ್ಕಳು. ಮರಳಿನ ಗಾಡಿ ಬಂದು ಗುಡ್ಡೆ ಸುರಿದು ಹೋಯಿತೆಂದರೆ ಸಾಕು, ಸಂಜೆಯೊಳಗಾಗಿ ಅದರ ಮೇಲೆ ಒಂದು ಊರೇ ಹುಟ್ಟಿರುವುದು. ಒಬ್ಬನು ಹಸಿಮರಳಿನಲ್ಲಿ ಪಾದವನ್ನು ಹುಗಿದು, ಮೇಲೆ ತಟ್ಟಿ, ಮೆಲ್ಲನೆ ಕಾಲನ್ನೆಳೆದುಕೊಂಡು ಗುಬ್ಬಿಯ ಗೂಡನ್ನು ಮಾಡುವನು; ಒಬ್ಬಳು ಅದಕ್ಕೆ ಅಂಗಳವನ್ನು ಬಿಡಿಸಿ ಕಡ್ಡಿಗಳಿಂದ ಬೇಲಿ ಹಾಕುವಳು; ಮತ್ತೊಬ್ಬನು ಅತ್ತ ಕಡೆಯಿಂದ ಸುರಂಗವನ್ನು ತೋಡುತ್ತ ಬಂದು ಇವರ ಕೈಯನ್ನು ಮುಟ್ಟುವನು. ಹೀಗೆಯೇ ಆಡಿರೆಂದು ಅವರಿಗೆ ಹೇಳಿಕೊಟ್ಟವರಿಲ್ಲ. ಗೆಲುವು ಸೋಲುಗಳ ಮಾತು ಅಲ್ಲಿಲ್ಲ. ಮರುದಿನ ಬೆಳಗ್ಗೆ ಗಾರೆಯ ಕೆಲಸದವನು ಸನಿಕೆ ಹಿಡಿದು ಬಂದು ಆ ಮರಳನ್ನು ಬಾಚಿಕೊಂಡು ಹೋದಾಗ ಮಕ್ಕಳ ಮುಖ ಬಾಡುವುದು. ಮರಳು ಅವನ ಯಜಮಾನನದು. ಅದನ್ನು ತೆಗೆದುಕೊಳ್ಳುವ ಹಕ್ಕೂ ಅವನದೇ. ಆದರೆ ಗೂಡು ಯಾರದು?

ಇದು ಮಕ್ಕಳಾಟಿಕೆಯ ಪ್ರಶ್ನೆಯೆಂದು ನಗುವವರುಂಟು. ಆದರೆ ಇಂದು ಲೋಕದಲ್ಲಿ ಕೋಟ್ಯಂತರ ಜನರು, ಚಿಕ್ಕವರೂ ದೊಡ್ಡವರೂ, ಕಂಪ್ಯೂಟರಿನಲ್ಲಿಯೂ ಮೊಬೈಲಿನಲ್ಲಿಯೂ ಇಂತಹ ಮರಳಾಟವನ್ನೇ ಆಡುತ್ತಿರುವರು. ಇಂಗ್ಲಿಷಿನಲ್ಲಿ ಈ ಆಟಗಳಿಗೆ 'ಸ್ಯಾಂಡ್‌ಬಾಕ್ಸ್', ಎಂದರೆ ಮರಳಿನ ತೊಟ್ಟಿ, ಎಂದೇ ಹೆಸರು. ಇವುಗಳಿಗಾಗಿ ಜನರು ಹಣವನ್ನು ಕೊಡುವರು; ಹಣಕ್ಕಿಂತಲೂ ದೊಡ್ಡದಾದ ಕಾಲವನ್ನು ಕೊಡುವರು. ಆಟವನ್ನು ಮಾಡಿದ ಸಂಸ್ಥೆಗಳು ಅದನ್ನು ಆಗಾಗ ಬದಲಾಯಿಸುತ್ತಲೂ ಅದಕ್ಕೆ ಹೊಸದನ್ನು ಸೇರಿಸುತ್ತಲೂ ಇರುವುವು. ಇದಕ್ಕೆ 'ಅಪ್‌ಡೇಟ್' ಎನ್ನುವರು. ಈ ಅಪ್‌ಡೇಟಿನ ವಿಷಯದಲ್ಲಿ ಆಟಗಾರರಿಗೂ ಸಂಸ್ಥೆಗಳಿಗೂ ನಡೆದ ಜಗಳಗಳು ಬೀದಿಯ ಮಕ್ಕಳ ಜಗಳದಂತೆ ಅರ್ಧ ಗಂಟೆಯಲ್ಲಿ ಮುಗಿದುಹೋದವುಗಳಲ್ಲ. ಅವುಗಳಿಂದ ಕೆಲವರ ಉದ್ಯೋಗವು ಹೋದುದುಂಟು. ಕೆಲವರ ಅನೇಕ ವರ್ಷಗಳ ದುಡಿಮೆಯು ಒಂದು ಹಗಲಿನಲ್ಲಿ ಮಣ್ಣುಗೂಡಿದುದೂ ಉಂಟು.

ನಮ್ಮ ಮನೆಗಳಿಗೂ ಈ ವಿಷಯವು ದೂರವಾದುದಲ್ಲ. ಶಾಲೆಯಿಂದ ಬಂದ ಹುಡುಗನು ಕೈಕಾಲು ತೊಳೆಯುವುದಕ್ಕೆ ಮೊದಲೇ, "ಅಮ್ಮ, ಹೊಸ ಅಪ್‌ಡೇಟ್ ಬಂತೇನಮ್ಮ?" ಎಂದು ಕೇಳುವುದನ್ನು ನಮ್ಮಲ್ಲಿ ಎಷ್ಟೋ ಮಂದಿ ಕಂಡಿದ್ದೇವೆ. "ಒಂದು ಸಲ ದುಡ್ಡು ಕೊಟ್ಟು ಕೊಂಡದ್ದಾಯಿತಲ್ಲೋ, ಅದರಲ್ಲಿ ಇನ್ನೇನು ಬರಬೇಕು?" ಎಂದು ತಾಯಿಯು ಗದರುವಳು. ತಾಯಿಯ ಮಾತು ನ್ಯಾಯವಾದುದೇ. ಹುಡುಗನ ನಿರೀಕ್ಷೆಯೂ ನ್ಯಾಯವಾದುದೆಂದರೆ ಆಶ್ಚರ್ಯವಾಗಬಹುದು. ಈ ಎರಡು ನ್ಯಾಯಗಳ ನಡುವಣ ವಿಷಯವನ್ನು ಸ್ವಲ್ಪ ವಿಚಾರಮಾಡಿ ನೋಡೋಣ.

ಆಟದ ಬಗೆ

ಚೌಕಾಬಾರದಲ್ಲಿ ಅಜ್ಜಿಯ ಕಾಲದಲ್ಲಿಯೂ ೨೫ ಮನೆಗಳು. ಈಗಲೂ ೨೫ ಮನೆಗಳು. ಇನ್ನೊಂದು ಮನೆಯನ್ನು ಸೇರಿಸಿರೆಂದು ಯಾರೂ ಕೇಳಿದವರಿಲ್ಲ. ಪಗಡೆ, ಚದುರಂಗಗಳೂ ಹಾಗೆಯೇ: ಅವುಗಳ ನಿಯಮವೇ ಅವುಗಳ ಸರ್ವಸ್ವ. ಕಂಪ್ಯೂಟರಿನ ಆಟಗಳಲ್ಲಿ ಕಥೆಯ ರೀತಿಯವು ಅನೇಕವಿವೆ. ನಾಯಕನು ಹೊರಡುವನು, ಕಷ್ಟಪಡುವನು, ಶತ್ರುವನ್ನು ಗೆಲ್ಲುವನು; ಕಥೆ ಮುಗಿದೊಡನೆ ಆಟವೂ ಮುಗಿಯಿತು. ಓದಿ ಮುಗಿಸಿದ ಕಾದಂಬರಿಗೆ ಇನ್ನೊಂದು ಅಧ್ಯಾಯವನ್ನು ಬರೆದುಕೊಡಿರೆಂದು ಗ್ರಂಥಕರ್ತನನ್ನು ಹೇಗೆ ಒತ್ತಾಯಿಸಲಾಗದೋ ಇಲ್ಲಿಯೂ ಹಾಗೆಯೇ.

ಮರಳಾಟದ ರೀತಿಯೇ ಬೇರೆ. ಅದಕ್ಕೆ ಕಥೆಯಿಲ್ಲ, ಕೊನೆಯಿಲ್ಲ. ಸಂಸ್ಥೆಯು ಒಂದು ಲೋಕವನ್ನೂ ಅದರ ನಿಯಮಗಳನ್ನೂ ಒದಗಿಸುವುದು. ಅದರಲ್ಲಿ ಏನು ನಡೆಯಬೇಕೆಂಬುದನ್ನು ಆಡುವವರೇ ನಿಶ್ಚಯಿಸುವರು. ಒಬ್ಬನು ಮನೆ ಕಟ್ಟುವನು, ಒಬ್ಬನು ಅಂಗಡಿ ಇಡುವನು, ಹತ್ತು ಜನ ಕೂಡಿ ಒಂದು ಸಂಘವನ್ನು ಮಾಡಿಕೊಳ್ಳುವರು. ಅಂತರ್ಜಾಲದ ಮೂಲಕ ಸಾವಿರಾರು ಜನರು ಒಂದೇ ಲೋಕದಲ್ಲಿ ಸೇರಿದಾಗ ಅಲ್ಲಿ ಸಂತೆಯೂ ಸಾಲವೂ ಸ್ನೇಹವೂ ವೈರವೂ ತಾವಾಗಿಯೇ ಹುಟ್ಟುವುವು.

ಸಂಸ್ಥೆಯವರು ಮೊದಲೇ ಊಹಿಸಿದಂತೆ ಇಲ್ಲಿ ಏನೂ ನಡೆಯುವುದಿಲ್ಲವೆಂಬುದಕ್ಕೆ ಹಳೆಯ ನಿದರ್ಶನವೊಂದಿದೆ. ೧೯೯೭ ರ ಸೆಪ್ಟೆಂಬರಿನಲ್ಲಿ ಅಮೆರಿಕದ ಟೆಕ್ಸಾಸಿನ ಆಸ್ಟಿನ್ ನಗರದಲ್ಲಿದ್ದ ಓರಿಜಿನ್ ಎಂಬ ಸಂಸ್ಥೆಯು 'ಅಲ್ಟಿಮಾ ಆನ್‌ಲೈನ್' ಎಂಬ ಆಟವನ್ನು ಹೊರತಂದಿತು. ರಿಚರ್ಡ್ ಗ್ಯಾರಿಯಟ್ ಮತ್ತು ಅವರ ಸಂಗಡಿಗರು ಅದರಲ್ಲಿ ಪ್ರಾಣಿಗಳ ಒಂದು ಪ್ರಪಂಚವನ್ನೇ ಬಹು ಶ್ರಮದಿಂದ ರಚಿಸಿದ್ದರು: ಕುರಿಯು ಹುಲ್ಲನ್ನು ಮೇಯುವುದು, ತೋಳವು ಕುರಿಯನ್ನು ಹಿಡಿಯುವುದು, ಒಂದು ಕಡಮೆಯಾದರೆ ಇನ್ನೊಂದು ಹಸಿಯುವುದು. ಆಟವು ತೆರೆದ ಕೂಡಲೆ ಒಳನುಗ್ಗಿದ ಜನರು ಕುರಿ ತೋಳವೆಂಬ ಭೇದವಿಲ್ಲದೆ ಕಂಡ ಕಂಡ ಪ್ರಾಣಿಗಳನ್ನೆಲ್ಲ ಕೊಂದುಹಾಕಿದರು. ಆ ಸೂಕ್ಷ್ಮವಾದ ಏರ್ಪಾಡನ್ನು ಗಮನಿಸಿದವರೇ ಇಲ್ಲ. ಕಡೆಗೆ ಅದನ್ನು ತೆಗೆದುಬಿಡಬೇಕಾಯಿತು. ಆದರೆ ಅದೇ ಜನರು ಅಲ್ಲಿ ಮನೆಗಳನ್ನು ಕಟ್ಟಿಕೊಂಡರು, ವ್ಯಾಪಾರ ಮಾಡಿದರು, ಸಂಘಗಳನ್ನು ಸ್ಥಾಪಿಸಿದರು. ಬಡಿಸಿದ ಪಕ್ವಾನ್ನವನ್ನು ಬಿಟ್ಟು, ತಾವೇ ಒಲೆ ಹೂಡಿ ಅಡಿಗೆ ಮಾಡಿಕೊಂಡ ಅತಿಥಿಗಳಂತಾಯಿತು ಅದು.

ಇದರಿಂದ ತಿಳಿಯಬೇಕಾದುದು ಇಷ್ಟು: ಮರಳಾಟದಲ್ಲಿ ಆಟದ ಸಾರವನ್ನು ಬಹುಮಟ್ಟಿಗೆ ಆಡುವವರೇ ತಮ್ಮ ದುಡಿಮೆಯಿಂದ ಉಂಟುಮಾಡುವರು. ಆದಕಾರಣ ಅಲ್ಲಿ ಅಪ್‌ಡೇಟ್ ಎಂಬುದು ಖಾಲಿ ಕಪಾಟಿನಲ್ಲಿ ಹೊಸ ಸಾಮಾನನ್ನು ಇಟ್ಟಂತಲ್ಲ. ಜನರು ವಾಸಮಾಡುತ್ತಿರುವ ಮನೆಗೆ ರಿಪೇರಿಯವರು ಬಂದಂತೆ. ಒಲೆ ಉರಿಯುತ್ತಿರುವಾಗ ಗೋಡೆಯನ್ನು ಒಡೆಯುವುದು ಹೇಗಿರುವುದೆಂಬುದನ್ನು ಗೃಹಸ್ಥರಿಗೆ ಹೇಳಿಕೊಡಬೇಕಾಗಿಲ್ಲ.

ಒಂದು ಊರು ಅಳಿದ ಕಥೆ

೨೦೦೩ ರ ಜೂನ್ ತಿಂಗಳಿನಲ್ಲಿ 'ಸ್ಟಾರ್ ವಾರ್ಸ್ ಗ್ಯಾಲಕ್ಸೀಸ್' ಎಂಬ ಆಟವು ಹೊರಬಿದ್ದಿತು. ಹೆಸರಾಂತ ಚಲಚ್ಚಿತ್ರಗಳ ಲೋಕವನ್ನೇ ಆಧರಿಸಿದ ಈ ಆಟವನ್ನು ನಡೆಯಿಸಿದವರು ಸೋನಿ ಆನ್‌ಲೈನ್ ಸಂಸ್ಥೆಯವರು. ಅದರಲ್ಲಿ ಮೂವತ್ತಕ್ಕೂ ಮೇಲ್ಪಟ್ಟು ಕಸುಬುಗಳಿದ್ದುವು. ಎಲ್ಲರೂ ಯೋಧರೇ ಆಗಬೇಕಾಗಿರಲಿಲ್ಲ. ಆಯುಧಗಳನ್ನು ಮಾಡುವವರಿದ್ದರು; ಬಟ್ಟೆ ಹೊಲಿಯುವವರಿದ್ದರು; ಮೃಗಗಳನ್ನು ಪಳಗಿಸುವವರಿದ್ದರು. ಯುದ್ಧದಿಂದ ದಣಿದು ಬಂದವರ ಬಳಲಿಕೆಯನ್ನು ಕುಣಿತದಿಂದಲೂ ವಾದ್ಯದಿಂದಲೂ ಪರಿಹರಿಸುವವರಿದ್ದರು. ಆಟಗಾರರು ತಾವೇ ಊರುಗಳನ್ನು ಕಟ್ಟಿ, ತಮ್ಮೊಳಗೊಬ್ಬನನ್ನು ಊರಿನ ಮುಖಂಡನಾಗಿ ಆರಿಸಿಕೊಳ್ಳುತ್ತಿದ್ದರು. ಒಳ್ಳೆಯ ಲೋಹವು ಎಲ್ಲಿ ಸಿಕ್ಕುವುದೆಂದು ದಿನಗಟ್ಟಲೆ ಹುಡುಕಿ, ಅದರಿಂದ ಮಾಡಿದ ಕತ್ತಿಗೆ ಹೆಸರು ಪಡೆದ ಅಂಗಡಿಕಾರರೂ ಅಲ್ಲಿದ್ದರು.

ಆಟದಲ್ಲಿ ಲೋಪಗಳಿದ್ದುವು, ಆಟಗಾರರು ಅವುಗಳನ್ನು ತಿದ್ದಿರೆಂದು ಕೇಳುತ್ತಲೂ ಇದ್ದರು. ಸಂಸ್ಥೆಯವರ ಚಿಂತೆ ಬೇರೆಯಾಗಿದ್ದಿತು. ಅಷ್ಟರಲ್ಲಿ ಬೇರೆ ಆಟಗಳು ಇನ್ನೂ ಹೆಚ್ಚಿನ ಜನರನ್ನು ಸೆಳೆಯುತ್ತಿದ್ದುವಾದುದರಿಂದ, ತಮ್ಮ ಆಟವನ್ನೂ ಸುಲಭವಾಗಿ, ವೇಗವಾಗಿ ಮಾಡಿದರೆ ಹೊಸಬರು ಬರುವರೆಂದು ಅವರು ಎಣಿಸಿದರು. ೨೦೦೫ ರ ನವೆಂಬರ್ ೧ ರಂದು ಅವರು ಆಟಕ್ಕೆ ಒಂದು ಹೊಸ ಭಾಗವನ್ನು ಹಣಕ್ಕೆ ಮಾರಿದರು. ಎರಡು ದಿವಸ ಕಳೆಯುವುದರೊಳಗಾಗಿ ಇಡೀ ಆಟವನ್ನೇ ಬುಡಸಹಿತ ಬದಲಾಯಿಸುವೆವೆಂದು ಪ್ರಕಟಿಸಿದರು. ನವೆಂಬರ್ ೧೫ ರಂದು ಆ ಬದಲಾವಣೆಯು ಜಾರಿಗೆ ಬಂದಿತು. ಮೂವತ್ತಕ್ಕೂ ಹೆಚ್ಚಿದ್ದ ಕಸುಬುಗಳು ಒಂಬತ್ತಾದುವು. ಮೃಗಗಳನ್ನು ಪಳಗಿಸುವ ಕಸುಬೇ ಇಲ್ಲವಾಗಿ, ಸಾಕಿದ ಪ್ರಾಣಿಗಳು ಸಾಕಿದವರಿಗೆ ಉಪಯೋಗವಿಲ್ಲದಂತಾದುವು. ತಿಂಗಳುಗಟ್ಟಲೆ ಸಾಧನೆ ಮಾಡಿ ಪಡೆಯಬೇಕಾಗಿದ್ದ 'ಜೆಡೈ' ಎಂಬ ವೀರಪದವಿಯು ನಿನ್ನೆ ಬಂದವನಿಗೂ ಮೊದಲ ದಿನವೇ ದೊರೆಯಿತು.

ಜನರ ಕೋಪವು ಎಷ್ಟಾಯಿತೆಂದರೆ, ಹೊಸ ಭಾಗವನ್ನು ಕೊಂಡವರಿಗೆ ಹಣವನ್ನು ಹಿಂದಿರುಗಿಸುವೆವೆಂದು ಸಂಸ್ಥೆಯೇ ಹೇಳಬೇಕಾಯಿತು. ಹಣವೇನೋ ಹಿಂದಿರುಗಬಹುದು, ಹೋದ ಕಸುಬನ್ನು, ಅದನ್ನು ಕಲಿಯಲು ಕಳೆದ ರಾತ್ರಿಗಳನ್ನು ಹಿಂದಿರುಗಿಸುವ ಬಗೆ ಹೇಗೆ? ಅನೇಕರು ಬಿಟ್ಟುಹೋದರು. ನಿರೀಕ್ಷಿಸಿದ ಹೊಸಬರು ಹಳಬರ ಸ್ಥಾನವನ್ನು ತುಂಬಲಿಲ್ಲ. ೨೦೧೧ ರ ಡಿಸೆಂಬರ್ ೧೫ ರಂದು ಆ ಆಟವನ್ನು ಪೂರ್ತಿಯಾಗಿ ಮುಚ್ಚಿದರು. ಆದರೂ ಹಳೆಯ ಆಟಗಾರರು ಕೆಲವರು ಸೇರಿ, ಬದಲಾವಣೆಗೆ ಮುಂಚೆ ಆಟವು ಹೇಗಿದ್ದಿತೋ ಹಾಗೆಯೇ ತಮ್ಮ ಸ್ವಂತ ಶ್ರಮದಿಂದ ಅದನ್ನು ತಿರುಗಿ ಕಟ್ಟುವ ಕೆಲಸದಲ್ಲಿ ವರ್ಷಗಟ್ಟಲೆ ತೊಡಗಿದರು. ಮುಳುಗಡೆಯಾದ ಊರಿನ ಜನರು ಮೇಲಣ ದಿಬ್ಬದ ಮೇಲೆ ಅದೇ ಹೆಸರಿನ ಊರನ್ನು ಕಟ್ಟಿಕೊಂಡಂತೆ.

ಇಲ್ಲಿ ಆಟಗಾರರು ಕೇಳಿದ್ದು ಹೊಸದನ್ನಲ್ಲ. ಇದ್ದುದನ್ನು ಸರಿಪಡಿಸಿರೆಂದು ಕೇಳಿದರು. ಕೊಟ್ಟವರು ಹೊಸದನ್ನು ಕೊಟ್ಟರು, ಇದ್ದುದನ್ನು ಕಸಿದುಕೊಂಡರು.

ವಿಗ್ರಹದ ಮೇಲೆ ಗುಂಡಿನ ಮಳೆ

ಇದಕ್ಕೆ ಪ್ರತಿಯಾಗಿ, ತಪ್ಪನ್ನು ಮಾಡಿ ತಿದ್ದಿಕೊಂಡ ಒಂದು ಸಂಸ್ಥೆಯ ವೃತ್ತಾಂತವೂ ಇದೆ. ಐಸ್‌ಲೆಂಡ್ ದೇಶದ ರಾಜಧಾನಿಯಾದ ರೇಕ್ಯಾವಿಕ್ ನಗರದ ಸಿಸಿಪಿ ಎಂಬ ಸಂಸ್ಥೆಯು ೨೦೦೩ ರ ಮೇ ತಿಂಗಳಿನಲ್ಲಿ 'ಈವ್ ಆನ್‌ಲೈನ್' ಎಂಬ ಆಟವನ್ನು ಆರಂಭಿಸಿತು. ಐದು ಸಾವಿರಕ್ಕೂ ಹೆಚ್ಚು ನಕ್ಷತ್ರಮಂಡಲಗಳ ಒಂದು ಆಕಾಶ. ಅದರಲ್ಲಿ ಹಡಗುಗಳನ್ನು ನಡೆಯಿಸುವ ಜನ. ಗಣಿ ತೋಡುವುದು, ಹಡಗು ಕಟ್ಟುವುದು, ವ್ಯಾಪಾರ, ಒಪ್ಪಂದ, ದ್ರೋಹ, ಯುದ್ಧ ಎಲ್ಲವೂ ಆಟಗಾರರವೇ. ೨೦೧೪ ರ ಜನವರಿಯಲ್ಲಿ ಒಂದು ಮಂಡಲಕ್ಕೆ ಕಟ್ಟಬೇಕಾಗಿದ್ದ ಕಂದಾಯವು ಗಡುವಿನೊಳಗೆ ಸಂದಾಯವಾಗದೆ ಹೋದುದೇ ಕಾರಣವಾಗಿ ಅಲ್ಲಿ ಮಹಾಯುದ್ಧವೊಂದು ನಡೆಯಿತು. ಏಳು ಸಾವಿರಕ್ಕೂ ಮೇಲ್ಪಟ್ಟ ಆಟಗಾರರು ಸುಮಾರು ೨೧ ಗಂಟೆಗಳ ಕಾಲ ಕಾದಾಡಿದರು. ನಾಶವಾದ ಹಡಗುಗಳ ಬೆಲೆಯನ್ನು ನಿಜವಾದ ಹಣದಲ್ಲಿ ಮೂರು ಲಕ್ಷ ಡಾಲರುಗಳೆಂದು ಅಂದಾಜುಮಾಡಿದರು. ಇದಾವುದನ್ನೂ ಸಂಸ್ಥೆಯವರು ಬರೆದಿಟ್ಟಿರಲಿಲ್ಲ. ಬಾಡಿಗೆ ಕಟ್ಟಲು ಮರೆತವನ ಕಥೆಯನ್ನು ಅಷ್ಟು ದೊಡ್ಡ ಇತಿಹಾಸವಾಗಿ ಮಾಡಿದವರು ಆಡುವವರೇ.

ಈ ಸಂಸ್ಥೆಯು ೨೦೦೮ ರಲ್ಲಿಯೇ ಒಂದು ವಿವೇಕದ ಕೆಲಸವನ್ನು ಮಾಡಿತು: ಆಟಗಾರರು ತಮ್ಮ ಮತಗಳಿಂದ ಪ್ರತಿನಿಧಿಗಳನ್ನು ಆರಿಸಿ ಕಳುಹಿಸುವ ಒಂದು ಸಭೆಯನ್ನು ಏರ್ಪಡಿಸಿತು. ಹಾಗಿದ್ದರೂ ೨೦೧೧ ರಲ್ಲಿ ಎಡವಿತು. ಆ ವರ್ಷದ ಜೂನ್ ೨೧ ರಂದು ಬಂದ ಅಪ್‌ಡೇಟಿನಲ್ಲಿ, ಹಡಗುಗಳ ಹಳೆಯ ಕುಂದುಗಳು ಹಾಗೆಯೇ ಉಳಿದಿರಲು, ಆಟಗಾರನು ಮನುಷ್ಯರೂಪದಲ್ಲಿ ನಡೆದಾಡುವುದಕ್ಕೆ ಒಂದೇ ಒಂದು ಕೋಣೆಯು ದೊರೆಯಿತು. ಆ ಕೋಣೆಯ ಬಾಗಿಲು ತೆರೆಯುತ್ತಲೂ ಇರಲಿಲ್ಲ. ಜೊತೆಗೆ ಅಲಂಕಾರದ ಸಾಮಾನುಗಳ ಒಂದು ಅಂಗಡಿಯನ್ನೂ ತೆರೆದರು. ಅಲ್ಲಿ ಒಂಟಿಕಣ್ಣಿಗೆ ಇಡುವ ಒಂದು ಗಾಜಿನ ಬೆಲೆ ೬೦ ಡಾಲರಿಗಿಂತಲೂ ಹೆಚ್ಚು! ಚಿತ್ರದ ಮುಖದ ಮೇಲೆ ಚಿತ್ರದ ಗಾಜು. ಕೊಡಬೇಕಾದುದು ಮಾತ್ರ ನಿಜವಾದ ಹಣ. ಅಷ್ಟರಲ್ಲಿ ಸಂಸ್ಥೆಯ ಒಳಗಿನ ಪತ್ರಿಕೆಯೊಂದು ಹೊರಬಿದ್ದು, ಹಣ ಕೊಟ್ಟವರಿಗೆ ಯುದ್ಧದಲ್ಲಿ ಅನುಕೂಲವಾಗುವ ವಸ್ತುಗಳನ್ನೂ ಮುಂದೆ ಮಾರುವರೇನೋ ಎಂಬ ಭಯವನ್ನು ಹುಟ್ಟಿಸಿತು.

ಆಟಗಾರರು ಸಾವಿರಾರು ಮಂದಿ ಆ ಆಕಾಶದ ಅತಿ ದೊಡ್ಡ ಸಂತೆಯಾದ ಜೀತಾ ಎಂಬಲ್ಲಿ ಹಡಗುಗಳೊಡನೆ ನೆರೆದು, ಅಲ್ಲಿದ್ದ ಒಂದು ವಿಗ್ರಹದ ಮೇಲೆ ಗುಂಡಿನ ಮಳೆಯನ್ನು ಸುರಿಸಿದರು. ಅದರಿಂದ ಯಾರಿಗೂ ಗಾಯವಾಗಲಿಲ್ಲ; ಅವರ ಅಭಿಪ್ರಾಯವು ಮಾತ್ರ ಎಲ್ಲರಿಗೂ ಕೇಳಿಸಿತು. ಅನೇಕರು ತಿಂಗಳ ಚಂದಾವನ್ನು ನಿಲ್ಲಿಸಿದರು. ಸಂಸ್ಥೆಯು ಆಟಗಾರರ ಪ್ರತಿನಿಧಿಗಳನ್ನು ಆ ತಿಂಗಳ ಕೊನೆಯಲ್ಲಿಯೇ ರೇಕ್ಯಾವಿಕ್ ನಗರಕ್ಕೆ ಕರೆಯಿಸಿ ಮಾತನಾಡಿತು. ಅಕ್ಟೋಬರಿನಲ್ಲಿ ಅದರ ಮುಖ್ಯಾಧಿಕಾರಿಗಳಾದ ಹಿಲ್ಮರ್ ವೇಗರ್ ಪೇಟರ್ಸನ್ ಅವರು ಬಹಿರಂಗ ಪತ್ರವೊಂದನ್ನು ಬರೆದು ತಪ್ಪನ್ನು ಒಪ್ಪಿಕೊಂಡು ಕ್ಷಮೆಯನ್ನು ಕೋರಿದರು. ಅದೇ ತಿಂಗಳು ಸಂಸ್ಥೆಯ ನೌಕರರಲ್ಲಿ ನೂರಕ್ಕೆ ೨೦ ಮಂದಿಯಷ್ಟು ಜನರು ಕೆಲಸವನ್ನು ಕಳೆದುಕೊಂಡರು. ಆಟದ ಜಗಳವೆಂದು ನಗುವವರು ಈ ಸಂಗತಿಯನ್ನು ಮರೆಯಬಾರದು. ಮೇಲಿನವರು ಮಾಡಿದ ತಪ್ಪಿಗೆ ಕೆಳಗಿನವರ ಮನೆಗಳಲ್ಲಿ ಒಲೆ ಆರಿತು.

ನವೆಂಬರ್ ೨೯ ರಂದು ಬಂದ ಮುಂದಿನ ಅಪ್‌ಡೇಟಿನಲ್ಲಿ ಮುಖ್ಯವಾದ ಗಮನವು ಹಡಗುಗಳ ಕಡೆಗೇ ಇದ್ದಿತು. ಹಡಗುಗಳಿಗೆ ಸಂಬಂಧಿಸಿದ ಹತ್ತಾರು ಹಳೆಯ ಕುಂದುಗಳನ್ನು ಸರಿಪಡಿಸಿದ್ದರು. ಕೆಲವು ಹೊಸ ಹಡಗುಗಳನ್ನೂ ಕೊಟ್ಟಿದ್ದರು. ಜನರು ಮೆಲ್ಲಮೆಲ್ಲನೆ ಹಿಂದಿರುಗಿದರು. ೨೦೧೪ ರಲ್ಲಿ ಸಂಸ್ಥೆಯು ರೇಕ್ಯಾವಿಕ್ ನಗರದ ಬಂದರಿನ ಬಳಿ, ಆಗ ಆಡುತ್ತಿದ್ದ ಆಟಗಾರರ ಹೆಸರುಗಳನ್ನು ಕೆತ್ತಿಸಿ ಒಂದು ನಿಜವಾದ ಸ್ಮಾರಕವನ್ನು ನಿಲ್ಲಿಸಿತು. ಮೂರು ವರ್ಷದ ಹಿಂದೆ ವಿಗ್ರಹಕ್ಕೆ ಗುಂಡಿಟ್ಟವರಲ್ಲಿ ಕೆಲವರ ಹೆಸರಾದರೂ ಅದರಲ್ಲಿ ಇದ್ದಿರಲೇಬೇಕು. ಆಡುವವರಿಲ್ಲದೆ ಆಟವಿಲ್ಲವೆಂಬುದನ್ನು ಆ ಸಂಸ್ಥೆಯು ಕಲ್ಲಿನ ಮೇಲೆಯೇ ಬರೆಯಿಸಿಕೊಂಡಿತೆನ್ನಬಹುದು.

ಕೊಟ್ಟ ಮಾತು

ಆಟಗಾರರ ನಿರೀಕ್ಷೆಯು ಎಲ್ಲ ವೇಳೆಯಲ್ಲಿಯೂ ತಾನಾಗಿ ಹುಟ್ಟುವುದಿಲ್ಲ. ಎಷ್ಟೋ ವೇಳೆ ಮಾರುವವನ ಬಾಯಿಂದಲೇ ಹುಟ್ಟುವುದು. ಇಂಗ್ಲೆಂಡಿನ ಗಿಲ್ಡ್‌ಫರ್ಡ್ ಎಂಬ ಊರಿನ ಹೆಲೋ ಗೇಮ್ಸ್ ಎಂಬ ಸಣ್ಣ ಸಂಸ್ಥೆಯು ೨೦೧೬ ರ ಆಗಸ್ಟಿನಲ್ಲಿ 'ನೋ ಮ್ಯಾನ್ಸ್ ಸ್ಕೈ' ಎಂಬ ಆಟವನ್ನು ಹೊರಡಿಸಿತು. ಗ್ರಹಗಳ ಸಂಖ್ಯೆಯು ೧೮ ರ ಮುಂದೆ ೧೮ ಸೊನ್ನೆಗಳನ್ನಿಟ್ಟಷ್ಟು! ಇನ್ನೊಬ್ಬ ಆಟಗಾರನನ್ನು ಅಲ್ಲಿ ಸಂಧಿಸಬಹುದೆಂದು ಸಂಸ್ಥೆಯ ಮುಖ್ಯಸ್ಥರಾದ ಷಾನ್ ಮರ್ರೆ ಅವರ ಮಾತುಗಳಿಂದ ಜನರು ನಂಬಿದ್ದರು. ಆಟವು ಬಂದ ಹೊಸತರಲ್ಲಿಯೇ ಇಬ್ಬರು ಒಂದೇ ಗ್ರಹದ ಒಂದೇ ಸ್ಥಳದಲ್ಲಿ ನಿಂತು ನೋಡಿದರು, ಒಬ್ಬರಿಗೊಬ್ಬರು ಕಾಣಲಿಲ್ಲ. ಹಣ ಕೊಟ್ಟವರು ಸಿಡಿದೆದ್ದರು.

ಸಂಸ್ಥೆಯವರು ವಾದಕ್ಕೆ ನಿಲ್ಲಲಿಲ್ಲ. ಮೌನವಾಗಿ ಕೆಲಸಕ್ಕೆ ತೊಡಗಿದರು. ನವೆಂಬರಿನಲ್ಲಿಯೇ ಮೊದಲನೆಯ ದೊಡ್ಡ ಅಪ್‌ಡೇಟ್ ಬಂದಿತು. ೨೦೧೮ ರ ಜುಲೈಯಲ್ಲಿ ಆಟಗಾರರು ಒಬ್ಬರನ್ನೊಬ್ಬರು ಕಂಡು ಕೂಡಿ ಆಡುವಂತಾಯಿತು. ವರ್ಷಗಟ್ಟಲೆ ಬಂದ ಈ ಅಪ್‌ಡೇಟುಗಳಿಗೆ ಅವರು ಬೇರೆ ಹಣವನ್ನು ಕೇಳಲಿಲ್ಲ. ಮೊದಲು ನಿಂದೆಯಿಂದ ತುಂಬಿದ್ದ ಕೊಂಡವರ ಅಭಿಪ್ರಾಯವು ೨೦೨೪ ರ ವೇಳೆಗೆ ಬಹುಮಟ್ಟಿಗೆ ಮೆಚ್ಚಿಕೆಗೆ ತಿರುಗಿತು. ಆಡಿದ ಮಾತನ್ನು ತಡವಾಗಿಯಾದರೂ ನಡೆಯಿಸಿಕೊಟ್ಟವನನ್ನು ಜನರು ಕ್ಷಮಿಸುವರು. ಆದರೆ ಹೀಗೆ ನಡೆಯಿಸಿಕೊಡುವವರು ವಿರಳ. ಈ ಒಂದು ದೃಷ್ಟಾಂತವನ್ನು ನಂಬಿ ಎಲ್ಲರ ಮಾತಿಗೂ ಮುಂಗಡ ಕೊಡುವುದು ಜಾಣತನವಲ್ಲ.

ನಮ್ಮ ಮನೆಯ ಹುಡುಗನ ಆಟ

ಈಗ ನಮ್ಮ ಹುಡುಗನ ಆಟಕ್ಕೆ ಬರೋಣ. ಅವನು ಆಡುವುದು ಬಹುಶಃ 'ಮೈನ್‌ಕ್ರಾಫ್ಟ್' ಆಗಿರಬಹುದು. ಸ್ವೀಡನ್ ದೇಶದ ಮಾರ್ಕಸ್ ಪೆರ್ಸನ್ ಎಂಬುವರು ೨೦೦೯ ರಲ್ಲಿ ಮೊದಲು ಪ್ರಕಟಿಸಿದ ಈ ಆಟವು ೨೦೧೧ ರ ನವೆಂಬರಿನಲ್ಲಿ ಪೂರ್ಣರೂಪದಲ್ಲಿ ಹೊರಬಂದಿತು. ೨೦೧೪ ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯು ಇದನ್ನು ೨೫೦ ಕೋಟಿ ಡಾಲರುಗಳಿಗೆ ಕೊಂಡುಕೊಂಡಿತು. ೨೦೨೩ ರ ವೇಳೆಗೆ ಇದರ ೩೦ ಕೋಟಿಗೂ ಹೆಚ್ಚು ಪ್ರತಿಗಳು ಮಾರಾಟವಾಗಿದ್ದುವು. ಇದರ ಲೋಕವೆಲ್ಲ ಚೌಕನಾದ ಇಟ್ಟಿಗೆಗಳಂತಹ ತುಂಡುಗಳಿಂದಾದುದು. ಮಣ್ಣನ್ನು ಅಗೆಯಬಹುದು, ಮರವನ್ನು ಕಡಿಯಬಹುದು, ಮನೆಯನ್ನೋ ಕೋಟೆಯನ್ನೋ ಕಟ್ಟಬಹುದು. ಒಂದು ಸಲ ಕೊಂಡರಾಯಿತು. ಮುಂದಿನ ದೊಡ್ಡ ಅಪ್‌ಡೇಟುಗಳೆಲ್ಲ ಉಚಿತವಾಗಿಯೇ ಬರುತ್ತಲಿವೆ. ಹತ್ತು ವರ್ಷಕ್ಕೂ ಮೇಲೆ ತಪ್ಪದೆ ಬರುತ್ತಿರುವುದನ್ನು ಮುಂದೆಯೂ ಬರುವುದೆಂದು ಹುಡುಗನು ಕಾಯುವುದರಲ್ಲಿ ತಪ್ಪೇನು?

ಈ ಆಟದವರಿಗೂ ನಿರೀಕ್ಷೆಯ ಭಾರವು ತಟ್ಟದೆ ಬಿಡಲಿಲ್ಲ. ಗವಿಗಳನ್ನೂ ಬೆಟ್ಟಗಳನ್ನೂ ಹೊಸದಾಗಿ ಮಾಡುವೆವೆಂದು ೨೦೨೦ ರಲ್ಲಿ ಸಾರಿದರು. ಮರುವರ್ಷ ಏಪ್ರಿಲಿನಲ್ಲಿ, ಕೆಲಸವು ಎಣಿಸಿದುದಕ್ಕಿಂತ ದೊಡ್ಡದಾಯಿತು, ಕೆಲಸಗಾರರ ಆರೋಗ್ಯವನ್ನೂ ನೋಡಬೇಕು, ಆದುದರಿಂದ ಎರಡು ಭಾಗವಾಗಿ ಕೊಡುವೆವು ಎಂದು ಮುಂಚಿತವಾಗಿಯೇ ತಿಳಿಸಿದರು. ಮೊದಲನೆಯದು ಜೂನಿನಲ್ಲಿಯೂ ಎರಡನೆಯದು ನವೆಂಬರಿನಲ್ಲಿಯೂ ಬಂದುವು. ಆಗಲೇ ಹೇಳಿದ್ದ ಒಂದು ಸಾಮಾನಿನ ಚೀಲವು ಬಂದುದಂತೂ ೨೦೨೪ ರಲ್ಲಿ. ನಾಲ್ಕು ವರ್ಷ ಮಕ್ಕಳು ಕಾದರು. ಮಿಂಚುಹುಳುಗಳನ್ನು ತರುವೆವೆಂದು ೨೦೨೧ ರಲ್ಲಿ ಹೇಳಿದ್ದರು. ಆಟದ ಕಪ್ಪೆಗಳಿಗೆ ಅವು ಆಹಾರವಾಗಬೇಕಾಗಿತ್ತು. ನಿಜವಾದ ಮಿಂಚುಹುಳುಗಳು ಕೆಲವು ಜಾತಿಯ ಕಪ್ಪೆಗಳಿಗೆ ವಿಷವೆಂದು ತಿಳಿದು ಅವನ್ನು ಕೈಬಿಟ್ಟರು. ಮಕ್ಕಳು ಮಾತ್ರ ಮರೆಯಲಿಲ್ಲ. ೨೦೨೫ ರಲ್ಲಿ ಒಂದು ಪೊದೆಯ ಸುತ್ತ ಹಾರಾಡುವ ಮಿಂಚುಹುಳುಗಳು ಕಡೆಗೂ ಬಂದುವು.

ಆಟಗಾರರ ಮತವನ್ನು ಕೇಳುವುದೂ ಅಷ್ಟು ಸುಲಭವಾದ ಉಪಾಯವಲ್ಲ. ೨೦೨೦ ರಿಂದ ೨೦೨೩ ರ ವರೆಗೆ ಪ್ರತಿವರ್ಷವೂ ಮೂರು ಪ್ರಾಣಿಗಳನ್ನು ತೋರಿಸಿ, ಮತ ಹೆಚ್ಚು ಬಂದ ಒಂದನ್ನು ಮಾತ್ರ ಆಟಕ್ಕೆ ಸೇರಿಸುತ್ತಿದ್ದರು. ಕೊನೆಯ ವರ್ಷ ಏಡಿಯೂ ಪೆಂಗ್ವಿನ್ ಹಕ್ಕಿಯೂ ಸೋತು, ಆರ್ಮಡಿಲೋ ಎಂಬ ಚಿಪ್ಪಿನ ಪ್ರಾಣಿಯು ಗೆದ್ದಿತು. ತಟ್ಟೆಯಲ್ಲಿ ಮೂರು ಉಂಡೆಗಳನ್ನು ತೋರಿಸಿ ಎರಡನ್ನು ಒಳಗಿಡುವುದು ಯಾವ ನ್ಯಾಯವೆಂದು ಲಕ್ಷಗಟ್ಟಲೆ ಜನರು ಮನವಿಗೆ ಸಹಿ ಮಾಡಿದರು. ೨೦೨೪ ರಲ್ಲಿ ಆ ಪದ್ಧತಿಯನ್ನು ನಿಲ್ಲಿಸಿ, ವರ್ಷಕ್ಕೊಂದು ದೊಡ್ಡ ಅಪ್‌ಡೇಟಿನ ಬದಲಾಗಿ ಸಣ್ಣವುಗಳನ್ನು ಹಲವು ಸಲ ಕೊಡುವೆವೆಂದು ಹೇಳಿದರು.

ಇಷ್ಟೆಲ್ಲ ಕುಂದುಗಳಿದ್ದರೂ ಒಂದು ವಿಷಯದಲ್ಲಿ ಅವರ ನಡತೆಯು ಮೆಚ್ಚತಕ್ಕದ್ದು. ೨೦೨೧ ರ ನವೆಂಬರಿನ ಅಪ್‌ಡೇಟಿನಿಂದ ಆ ಲೋಕದ ಎತ್ತರವು ೨೫೬ ತುಂಡುಗಳಿಂದ ೩೮೪ ಕ್ಕೆ ಏರಿತು. ನೆಲದಡಿಯಲ್ಲಿಯೂ ೬೪ ತುಂಡುಗಳಷ್ಟು ಹೊಸ ಆಳ ಉಂಟಾಯಿತು. ಹಳೆಯ ಲೋಕಗಳಲ್ಲಿ ಮಕ್ಕಳು ಕಟ್ಟಿದ ಮನೆಗಳಿದ್ದುವಷ್ಟೆ? ಅವುಗಳನ್ನು ಕದಲಿಸದೆ, ಅವುಗಳ ಕೆಳಗೆ ಹೊಸ ಗವಿಗಳು ಹುಟ್ಟುವಂತೆಯೂ, ಹಳೆಯ ನೆಲವೂ ಹೊಸ ನೆಲವೂ ಕೂಡುವೆಡೆಯಲ್ಲಿ ಕಡಿದಾದ ಗೋಡೆಯೇಳದಂತೆಯೂ ಏರ್ಪಡಿಸಿದರು. ನೆಲಮಾಳಿಗೆಯನ್ನು ತೋಡಿದರು, ಮೇಲೆ ತೊಟ್ಟಿಲಲ್ಲಿ ಮಲಗಿದ ಮಗುವು ಎಚ್ಚರಗೊಳ್ಳಲಿಲ್ಲ. ಅಪ್‌ಡೇಟ್ ಎಂದರೆ ಹೀಗಿರಬೇಕು.

ಗೃಹಸ್ಥರಿಗೆ ಎರಡು ಮಾತು

ಮೇಲಿನ ವೃತ್ತಾಂತಗಳನ್ನೆಲ್ಲ ಕೂಡಿಸಿ ನೋಡಿದರೆ, ಆಟಗಾರರ ನಿರೀಕ್ಷೆಯಲ್ಲಿ ಮೂರು ಪದರಗಳು ಕಾಣುವುವು. ಮೇಲಿನದು ಹೊಸದರ ಆಶೆ. ಎಲ್ಲಕ್ಕಿಂತ ಗಟ್ಟಿಯಾಗಿ ಕೇಳಿಸುವುದು ಅದೇ. ಅದರ ಕೆಳಗೆ, ಇರುವ ಕುಂದುಗಳನ್ನು ತಿದ್ದಬೇಕೆಂಬ ಬೇಡಿಕೆ. ಎಲ್ಲಕ್ಕೂ ಕೆಳಗೆ ಮಾತಿಲ್ಲದೆ ಇರುವುದು, ನಾನು ಕಟ್ಟಿದುದನ್ನು ನನಗೆ ಹೇಳದೆ ಕೆಡವಬಾರದೆಂಬ ನಂಬಿಕೆ. ಹೊಸದು ತಡವಾದರೆ ಜನರು ಗೊಣಗುವರು. ಕುಂದನ್ನು ತಿದ್ದದಿದ್ದರೆ ಕೂಗುವರು. ನಂಬಿಕೆಯು ಮುರಿದರೆ ಕೂಗದೆ ಎದ್ದುಹೋಗುವರು. ಗ್ಯಾಲಕ್ಸೀಸ್ ಆಟದವರು ಮೊದಲನೆಯದಕ್ಕಾಗಿ ಮೂರನೆಯದನ್ನು ಮಾರಿಕೊಂಡರು.

ಆಟಗಾರರ ಆಶೆಗೂ ಮಿತಿಯಿರಬೇಕೆಂಬುದು ನಿಜ. ಹೊಸದಾಗಿ ಸೇರಿಸುವ ಒಂದು ವಸ್ತುವು ಹಳೆಯ ನೂರು ವಸ್ತುಗಳೊಡನೆ ಹೊಂದಬೇಕು. ಹಳೆಯ ಮೊಬೈಲಿನಲ್ಲಿಯೂ ಹೊಸ ಕಂಪ್ಯೂಟರಿನಲ್ಲಿಯೂ ನಡೆಯಬೇಕು. ಅದನ್ನು ಮಾಡುವವರೂ ಸಂಬಳಕ್ಕೆ ದುಡಿಯುವ ಸಂಸಾರಸ್ಥರೇ. ಹಬ್ಬದ ಹಿಂದಿನ ದಿನ ದರ್ಜಿಯನ್ನು ಬೈದರೆ ಅಂಗಿಯು ಬೇಗ ಬರಬಹುದು, ಹೊಲಿಗೆ ನಿಲ್ಲುವುದಿಲ್ಲ.

ಮನೆಯ ಹಿರಿಯರು ಇಂತಹ ಆಟಕ್ಕೆ ಹಣ ಕೊಡುವ ಮುನ್ನ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಲೇಸು. ಕೊಡುವ ಹಣವು ಇಂದು ಇರುವುದಕ್ಕೋ, ನಾಳೆ ಬರುವುದೆಂದು ಹೇಳಿದುದಕ್ಕೋ? ಒಂದು ಸಲ ಕೊಡುವುದೋ, ತಿಂಗಳು ತಿಂಗಳೂ ಕೊಡುತ್ತಿರಬೇಕೋ, ಒಳಗೆ ಹೋದಮೇಲೆ ಒಂಟಿಕಣ್ಣಿನ ಗಾಜಿನಂತಹ ಅಂಗಡಿಗಳಿವೆಯೋ? ಹುಡುಗನು ಕಟ್ಟಿದುದು ನಮ್ಮ ಯಂತ್ರದಲ್ಲಿ ಉಳಿಯುವುದೋ, ಸಂಸ್ಥೆಯ ಯಂತ್ರದಲ್ಲಿ ಮಾತ್ರ ಇರುವುದೋ? ಮೈನ್‌ಕ್ರಾಫ್ಟಿನಲ್ಲಿ ಒಬ್ಬನೇ ಆಡುವ ಲೋಕವು ನಮ್ಮ ಯಂತ್ರದಲ್ಲಿಯೇ ಇರುವುದು. ಅದರ ಒಂದು ಪ್ರತಿಯನ್ನು ತೆಗೆದು ಬೇರೆಯಾಗಿ ಇಟ್ಟುಕೊಳ್ಳಬಹುದು. ದೊಡ್ಡ ಅಪ್‌ಡೇಟಿಗೆ ಮುಂಚೆ ಹೀಗೆ ಮಾಡುವುದನ್ನು ಮಕ್ಕಳಿಗೆ ಕಲಿಸಿದರೆ ಅದೂ ಒಂದು ಗೃಹಕೃತ್ಯದ ಪಾಠವೇ ಆಗುವುದು. ಗ್ಯಾಲಕ್ಸೀಸಿನಂತೆ ಎಲ್ಲವೂ ಸಂಸ್ಥೆಯ ಯಂತ್ರದಲ್ಲಿದ್ದರೆ, ಅವರು ಬಾಗಿಲು ಹಾಕಿದ ದಿನ ಊರಿಗೆ ಊರೇ ಹೋಯಿತು. ಇದನ್ನು ಮೊದಲೇ ಹೇಳಿಡಬೇಕು.

ಇನ್ನೊಂದು ಮಾತು. ಆಟದಲ್ಲಿ ಕಟ್ಟಿದ ಮನೆಯು ಹೋಯಿತೆಂದು ಹುಡುಗನು ಅತ್ತರೆ, "ಅದೇನು ನಿಜವಾದ ಮನೆಯೇ?" ಎಂದು ನಗಬಾರದು. ಮನೆಯು ನಿಜವಲ್ಲದಿರಬಹುದು, ಅದಕ್ಕಾಗಿ ಅವನು ಪಟ್ಟ ಶ್ರಮವು ನಿಜ, ಗೆಳೆಯನೊಡನೆ ಕೂಡಿ ಕಟ್ಟಿದ ಸಂಜೆಗಳು ನಿಜ. ಹತ್ತಿರ ಕೂರಿಸಿಕೊಂಡು, ಹೇಗೆ ಕಟ್ಟಿದ್ದೆ, ಎಷ್ಟು ದಿನ ಹಿಡಿಯಿತು ಎಂದು ಕೇಳಿದರೆ ದುಃಖವು ಅರ್ಧ ಇಳಿಯುವುದು. ಮರಳು ಎಂದಿದ್ದರೂ ಗಾರೆಯವನಿಗೆ ಹೋಗತಕ್ಕದ್ದೇ. ಆದರೆ ಸನಿಕೆಯನ್ನು ಎತ್ತುವುದಕ್ಕೆ ಮೊದಲು, "ಮಕ್ಕಳೇ, ನಾಳೆ ಮರಳು ತೆಗೆಯುತ್ತೇನೆ, ಗೂಡನ್ನು ಆ ಮೂಲೆಗೆ ಮಾಡಿಕೊಳ್ಳಿ," ಎಂದು ಹಿಂದಿನ ಸಂಜೆಯೇ ಹೇಳುವ ಗಾರೆಯವನೂ ಇರುವನು. ಅಂಥವನು ಬಂದಾಗ ಮಕ್ಕಳು ಅಳುವುದಿಲ್ಲ. ತಾವೂ ಒಂದೊಂದು ಬೊಗಸೆ ಮರಳನ್ನು ಹೊತ್ತು ಅವನ ಬಾಂಡ್ಲಿಗೆ ತುಂಬುವರು.